ಗಣಿಯೂರಿನ ವಿಶ್ವವಿದ್ಯಾಲಯ: ಅಪ್ಪನಿಗೊಂದು ಪತ್ರ

ಬೋಖುಮ್, ಜರ್ಮನಿ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಮ್ಮ, ಅಜ್ಜಿ, ತಮ್ಮ ಎಲ್ಲರೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ಹೋದ ವಾರ ಫೋನಿನಲ್ಲಿ ನೀವು ಕೇಳಿದ ಒಂದು ಮಾತಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಗಣಿಯೂ ಮುಚ್ಚಿತು, ಕಾರಿನ ಕಾರ್ಖಾನೆಯೂ ಮುಚ್ಚಿತು, ಈಗ ಆ ಊರಿಗೆ ವಿಶ್ವವಿದ್ಯಾಲಯವೇ ಆಧಾರ ಅನ್ನುತ್ತೀಯಲ್ಲ, ಅದರಿಂದ ಅಲ್ಲಿನ ಕೆಲಸಗಾರನಿಗೆ ಏನು ಬಂತು?" ಎಂದು ಕೇಳಿದಿರಿ. ಮೂವತ್ತು ವರ್ಷ ಪಾಳಿಯಲ್ಲಿ ದುಡಿದ ನೀವು ಕೇಳಬೇಕಾದ ಪ್ರಶ್ನೆಯೇ ಅದು. ನಾನು ಏನೋ ಎರಡು ಮಾತು ಹೇಳಿ ಮುಗಿಸಿಬಿಟ್ಟೆ. ಆಮೇಲೆ ದಿನವಿಡೀ ಅದೇ ತಲೆಯಲ್ಲಿ ಉಳಿಯಿತು. ಆದ್ದರಿಂದ ಕಂಡದ್ದನ್ನೂ ಕೇಳಿದ್ದನ್ನೂ ಕೂಡಿಸಿ, ಸಮಾಧಾನವಾಗಿ ಕುಳಿತು ಬರೆಯುತ್ತಿದ್ದೇನೆ.

ಬೋಖುಮ್ ಇರುವುದು ರೂರ್ ಪ್ರದೇಶದ ನಡುಮಧ್ಯದಲ್ಲಿ. ಕಲ್ಲಿದ್ದಲು ಮತ್ತು ಉಕ್ಕಿನಿಂದ ಬೆಳೆದ, ಒಂದರ ಬೇಲಿಗೆ ಇನ್ನೊಂದು ಅಂಟಿಕೊಂಡಂತಿರುವ ನಗರಗಳ ಸಾಲು ಇದು. ಎಲ್ಲ ಸೇರಿ 50 ಲಕ್ಷಕ್ಕೂ ಹೆಚ್ಚು ಜನ. ಇಷ್ಟು ಜನರಿದ್ದ ಸೀಮೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಶತಮಾನ ಒಂದೂ ವಿಶ್ವವಿದ್ಯಾಲಯ ಇರಲಿಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ಡ್ಯೂಸ್‌ಬುರ್ಗ್ ಎಂಬಲ್ಲಿ ಹಿಂದೆ ಒಂದು ಇತ್ತು, ಅದನ್ನು 1818ರಲ್ಲಿ ಮುಚ್ಚಿದರು. ಅಲ್ಲಿಂದ ಮುಂದೆ ಗಣಿಗಳು ತೆರೆದವು, ಕುಲುಮೆಗಳು ಹೊತ್ತಿದವು, ಊರೂರಿನಿಂದ ಜನ ಬಂದು ನೆಲೆಸಿದರು. ವಿದ್ಯಾಪೀಠವೊಂದು ಮಾತ್ರ ಬರಲಿಲ್ಲ. ಆಳುವವರಿಗೆ ಇಲ್ಲಿಂದ ಕಲ್ಲಿದ್ದಲು ಬೇಕಿತ್ತೇ ಹೊರತು ವಿದ್ಯಾವಂತರು ಬೇಕಿರಲಿಲ್ಲ ಎಂದು ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ಬೋಖುಮಿನಲ್ಲಿ 1816ರಿಂದ ಒಂದು ಗಣಿ ಶಾಲೆಯೇನೋ ಇತ್ತು. ಗಣಿಯೊಳಗೆ ಕೆಲಸ ಮಾಡಿಸುವ ಮೇಲ್ವಿಚಾರಕರು ಅಲ್ಲಿ ತಯಾರಾಗುತ್ತಿದ್ದರು. ಕಾರ್ಮಿಕನ ಮಗನಿಗೆ ಓದಿನ ಏಣಿ ಎಂದರೆ ಅಷ್ಟೇ ಎತ್ತರ. ವೈದ್ಯನಾಗಬೇಕು, ವಕೀಲನಾಗಬೇಕು ಎಂದರೆ ಊರು ಬಿಟ್ಟು ಹೋಗಬೇಕು, ಊರು ಬಿಟ್ಟು ಓದಿಸುವ ಶಕ್ತಿ ಆ ಮನೆಗಳಲ್ಲಿ ಇರಲಿಲ್ಲ.

1958ರ ಸುಮಾರಿಗೆ ಕಲ್ಲಿದ್ದಲಿಗೆ ಕುತ್ತು ಬಂತು. ಪೆಟ್ರೋಲಿಯಂ ಎಣ್ಣೆಯೂ ಹೊರದೇಶದ ಅಗ್ಗದ ಕಲ್ಲಿದ್ದಲೂ ಬಂದ ಮೇಲೆ ಇಲ್ಲಿನ ಆಳದ ಗಣಿಗಳಿಂದ ಎತ್ತಿದ ಕಲ್ಲಿದ್ದಲನ್ನು ಕೊಳ್ಳುವವರು ಕಡಿಮೆಯಾದರು. ಗಣಿಯ ಬಾಯಲ್ಲಿ ರಾಶಿ ಬೆಳೆಯಿತು, ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ಆ ಸಂಕಟದ ನಡುವೆಯೇ, 1961ರಲ್ಲಿ, ಈ ರಾಜ್ಯದ ಶಾಸನಸಭೆ ಬೋಖುಮಿನಲ್ಲಿ ವಿಶ್ವವಿದ್ಯಾಲಯ ಕಟ್ಟುವ ನಿರ್ಧಾರ ಮಾಡಿತು. ಇವತ್ತು ನಮ್ಮ ಕ್ಯಾಂಪಸ್ ನಿಂತಿರುವ ದಿಣ್ಣೆಯ ಕೆಳಗಿನ ಲೊಟ್ಟೆನ್‌ಟಾಲ್ ಕಣಿವೆಯಲ್ಲಿದ್ದ ಕ್ಲೋಸ್ಟರ್‌ಬುಶ್ ಗಣಿ ಮುಚ್ಚಿದ್ದೂ ಅದೇ ವರ್ಷ. ಟರ್ಕಿಯಿಂದ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದಕ್ಕೆ ಜರ್ಮನಿ ಸಹಿ ಹಾಕಿದ್ದೂ ಅದೇ ವರ್ಷ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಈ ಊರು ಅರ್ಥವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ರೂರ್ ವಿಶ್ವವಿದ್ಯಾಲಯ 1965ರಲ್ಲಿ ಬಾಗಿಲು ತೆರೆಯಿತು. ಪಶ್ಚಿಮ ಜರ್ಮನಿ ದೇಶವಾದ ಮೇಲೆ ಹೊಸದಾಗಿ ಕಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಇದೇ ಮೊದಲನೆಯದು. ಈಗ ಇಲ್ಲಿ ಸುಮಾರು 40,000 ವಿದ್ಯಾರ್ಥಿಗಳಿದ್ದಾರೆ. ಊರಿನ ಜನಸಂಖ್ಯೆ ಮೂರೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು.

ನಾನು ಬಾಡಿಗೆಗಿರುವ ಮನೆಯ ಯಜಮಾನರ ವಿಷಯ ನಿಮಗೆ ಹಿಂದೆ ಹೇಳಿದ್ದೆ. ಅವರಿಗೆ ಈಗ 75 ದಾಟಿದೆ. ವಿಶ್ವವಿದ್ಯಾಲಯ ತೆರೆದ ವರ್ಷವೇ, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಅವರು ಹನೋವರ್ ಎಂಬ ಹೆಸರಿನ ಗಣಿಗೆ ಸೇರಿದರು. ಅದು ಬೋಖುಮಿನ ಕಟ್ಟಕಡೆಯ ಗಣಿ. 1973ರಲ್ಲಿ ಅದನ್ನೂ ಮುಚ್ಚಿದಾಗ ಅವರು ಓಪೆಲ್ ಕಾರಿನ ಕಾರ್ಖಾನೆಗೆ ಹೋದರು, ನಿವೃತ್ತಿಯವರೆಗೂ ಅಲ್ಲೇ ದುಡಿದರು. ಗಣಿಯಲ್ಲಿ ಕೊಟ್ಟಿದ್ದ ಹಿತ್ತಾಳೆಯ ಬಿಲ್ಲೆಯೊಂದು ಅವರ ಬೀಗದ ಗೊಂಚಲಿನಲ್ಲಿ ಇವತ್ತಿಗೂ ಇದೆ. ಕೆಳಗಿಳಿಯುವಾಗ ತೆಗೆದುಕೊಂಡು, ಮೇಲೆ ಬಂದಾಗ ಮೊಳೆಗೆ ತೂಗುಹಾಕಬೇಕಿದ್ದ ಬಿಲ್ಲೆ. ಪಾಳಿ ಮುಗಿದ ಮೇಲೆ ಮೊಳೆ ಖಾಲಿಯಿದ್ದರೆ ಆ ನಂಬರಿನ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ತಿಳಿಯುತ್ತಿತ್ತು. ಬೆರಳು ತಾಗಿ ತಾಗಿ ನಂಬರಿನ ಅಂಚು ಸವೆದುಹೋಗಿದೆ.

"ಆ ಗುಡ್ಡದ ಮೇಲಿನ ಕಾಂಕ್ರೀಟು ಏಳುವುದನ್ನು ನಾವು ನೋಡುತ್ತಿದ್ದೆವು. ಯಾರೋ ಬಂದು ನಮ್ಮ ಊರಿನ ಪಕ್ಕದಲ್ಲಿ ಬೇರೆ ಊರು ಕಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು" ಎಂದು ಅವರು ಒಮ್ಮೆ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಕ್ಯಾಂಪಸ್ಸನ್ನು ನಗರದ ದಕ್ಷಿಣದ ಅಂಚಿನಲ್ಲಿ, ಕ್ವೇರೆನ್‌ಬುರ್ಗ್ ಎಂಬಲ್ಲಿ, ಒಂದೇ ಬಗೆಯ ಎತ್ತರದ ಕಾಂಕ್ರೀಟು ಕಟ್ಟಡಗಳ ಸಾಲುಗಳಾಗಿ ಕಟ್ಟಿದರು. ಎಂಜಿನಿಯರಿಂಗಿಗೆ ಒಂದು ಸಾಲು, ವಿಜ್ಞಾನಕ್ಕೆ ಒಂದು, ಮಾನವಿಕ ಶಾಸ್ತ್ರಗಳಿಗೆ ಒಂದು, ವೈದ್ಯಕೀಯಕ್ಕೆ ಒಂದು. ನಡುವೆ ಚಿಪ್ಪಿನ ಆಕಾರದ ದೊಡ್ಡ ಸಭಾಂಗಣ. ದಕ್ಷಿಣದ ಕೊನೆಗೆ ಹೋಗಿ ನಿಂತರೆ ಸಸ್ಯೋದ್ಯಾನವೂ ರೂರ್ ನದಿಯ ಕಣಿವೆಯೂ ಕಾಣುತ್ತವೆ, ನೋಡಲು ಬಹಳ ಚೆನ್ನಾಗಿದೆ. ಆದರೆ ಅಲ್ಲಿ ನಿಂತವರ ಬೆನ್ನು ಊರಿನ ಕಡೆಗಿರುತ್ತದೆ. ಮಾಡಿದ ದೊಡ್ಡ ತಪ್ಪು ಅದೇ ಎಂಬುದು ನನ್ನ ಅಭಿಪ್ರಾಯ. ದುಡಿಯುವ ಜನರ ಊರಿಗೆ ವಿದ್ಯೆಯನ್ನು ತಂದವರು ಅದನ್ನು ಆ ಜನ ನಡೆದು ಹೋಗುವ ಬೀದಿಯಲ್ಲಿ ಇಡಬೇಕಿತ್ತು. ಇಲ್ಲಿ ಓದುವವರಲ್ಲಿ ಬಹಳಷ್ಟು ಜನ ಸುತ್ತಲ ಊರುಗಳ ತಮ್ಮ ತಮ್ಮ ಮನೆಗಳಿಂದಲೇ ಬಂದು ಹೋಗುವವರು. ಹೀಗಾಗಿ ಸಂಜೆ ಪಾಠ ಮುಗಿಯಿತೆಂದರೆ ಕ್ಯಾಂಪಸ್ ಬರಿದಾಗುತ್ತದೆ.

ಆ ತಪ್ಪನ್ನು ಸ್ವಲ್ಪ ಮಟ್ಟಿಗೆ ತಿದ್ದಿದ್ದು ಯು35 ಎಂಬ ರೈಲು. ಉತ್ತರದ ಹೆರ್ನೆಯಿಂದ ಹೊರಟು, ಬೋಖುಮಿನ ಮುಖ್ಯ ನಿಲ್ದಾಣವನ್ನು ಹಾದು, ವಿಶ್ವವಿದ್ಯಾಲಯದ ಬಾಗಿಲಿಗೆ ಬರುವ ಈ ಮಾರ್ಗ 1993ರಲ್ಲಿ ಪೂರ್ತಿಯಾಯಿತು. ಮರುವರ್ಷವೇ ಯಜಮಾನರ ಮಗಳು ಇಲ್ಲಿ ಓದಲು ಸೇರಿದಳು. ಅವರ ವಂಶದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಅವಳನ್ನು ಸೇರಿಸಲು ಹೋದ ದಿನವೇ ತಾವೂ ಮೊದಲ ಸಲ ಆ ಕಟ್ಟಡಗಳ ಒಳಗೆ ಕಾಲಿಟ್ಟದ್ದೆಂದು ಯಜಮಾನರು ಹೇಳುತ್ತಾರೆ. ಗಣಿಯಲ್ಲಿ ಎಂಟು ವರ್ಷ, ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇದೇ ಊರಿನಲ್ಲಿ ಕಳೆದ ಮೇಲೆ!

ಇಲ್ಲಿ ಬೋಧನಾ ಶುಲ್ಕವಿಲ್ಲ ಎಂದು ನಾನು ಹೇಳಿದಾಗ ನೀವು ಎರಡೆರಡು ಸಲ ಕೇಳಿದ್ದಿರಿ. ನಡುವೆ ಕೆಲವು ವರ್ಷ ಈ ರಾಜ್ಯದಲ್ಲಿ ಅರ್ಧ ವರ್ಷಕ್ಕೆ 500 ಯೂರೋವರೆಗೆ ಶುಲ್ಕ ಹಾಕಲು ಅವಕಾಶ ಕೊಟ್ಟಿದ್ದರು. ವಿದ್ಯಾರ್ಥಿಗಳು ಹೋರಾಡಿದರು, ಸರ್ಕಾರ ಬದಲಾಯಿತು, 2011ರಲ್ಲಿ ಅದು ರದ್ದಾಯಿತು. ಅದಲ್ಲದೆ, ಬಡ ಮನೆಯ ಮಕ್ಕಳ ಊಟ ವಸತಿಯ ಖರ್ಚಿಗೆ 1971ರ ಒಂದು ಕಾನೂನಿನಂತೆ ಸರ್ಕಾರವೇ ಹಣ ಕೊಡುತ್ತದೆ. ಈಗ ಅದರಲ್ಲಿ ಅರ್ಧ ಸಹಾಯಧನ, ಇನ್ನರ್ಧ ಬಡ್ಡಿಯಿಲ್ಲದ ಸಾಲ. ಅದಕ್ಕೆ ತಂದೆ ತಾಯಿಯ ಸಂಪಾದನೆಯನ್ನು ಬರೆದು ಕೊಡಬೇಕು. ಮಗಳ ಅರ್ಜಿ ತುಂಬುವ ದಿನ ಯಜಮಾನರು ಅಡುಗೆಮನೆಯ ಮೇಜಿನ ಮೇಲೆ ಸಂಬಳದ ಚೀಟಿಗಳನ್ನು ತಿಂಗಳ ಸಾಲಿನಲ್ಲಿ ಹರಡಿಕೊಂಡು ಕುಳಿತಿದ್ದರಂತೆ. ರಾತ್ರಿ ಪಾಳಿಯ ಭತ್ಯೆಯನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ತಿಳಿಯದೆ ಯೂನಿಯನ್ ಆಫೀಸಿಗೆ ಹೋಗಿ ಕೇಳಿಕೊಂಡು ಬಂದರಂತೆ. ಈ ಮಾತನ್ನು ಅವರ ಹೆಂಡತಿ ನನಗೆ ಹೇಳುವಾಗ ನನಗೆ ನೀವೇ ಕಣ್ಣ ಮುಂದೆ ಬಂದಿರಿ.

ಆದರೂ ಹಣವೊಂದೇ ಅಡ್ಡಿಯಲ್ಲ, ಅಪ್ಪ. ಪದವೀಧರರ ಮನೆಯ ನೂರು ಮಕ್ಕಳಲ್ಲಿ 75ಕ್ಕೂ ಹೆಚ್ಚು ಮಂದಿ ಈ ದೇಶದಲ್ಲಿ ಉನ್ನತ ಶಿಕ್ಷಣಕ್ಕೆ ಸೇರುತ್ತಾರೆ. ಪದವಿ ಇಲ್ಲದವರ ಮನೆಯಿಂದ ಬರುವವರು ನೂರಕ್ಕೆ 30ಕ್ಕಿಂತ ಕಡಿಮೆ. ಶುಲ್ಕವಿಲ್ಲದ ದೇಶದಲ್ಲೇ ಹೀಗೆ. ಬಾಗಿಲು ತೆರೆದಿದ್ದರೂ "ಅದು ನಮ್ಮಂಥವರಿಗಲ್ಲ" ಎಂಬ ಭಾವನೆ ಮನೆಯೊಳಗೇ ಕುಳಿತಿರುತ್ತದೆ. ಅದಕ್ಕಾಗಿಯೇ ಪಕ್ಕದ ಗೆಲ್ಸೆನ್‌ಕಿರ್ಶೆನ್ ನಗರದ ಒಂದು ಕಾಲೇಜು 2011ರಿಂದ ತನ್ನವರನ್ನು ಶಾಲೆಗಳಿಗೇ ಕಳಿಸಲು ಶುರುಮಾಡಿತು. ಅವರು ಮಕ್ಕಳೊಂದಿಗೆ ತಿಂಗಳುಗಟ್ಟಲೆ ಮಾತಾಡಿ, ಯಾರಿಗೆ ಯಾವುದರಲ್ಲಿ ಆಸಕ್ತಿಯಿದೆ ಎಂದು ತಿಳಿದು, ದಾರಿ ತೋರಿಸುತ್ತಾರೆ. ಈಗ ರಾಜ್ಯದ ಅನೇಕ ವಿಶ್ವವಿದ್ಯಾಲಯಗಳು ಈ ಕೆಲಸ ಮಾಡುತ್ತಿವೆ, ನಮ್ಮದೂ ಸೇರಿದಂತೆ. ಕೂಲಿ ಊರಿನ ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಕಡಿಮೆ.

ನಿಮ್ಮ ಪ್ರಶ್ನೆಗೆ ನಾನು ಕಂಡ ಒಳ್ಳೆಯ ಉತ್ತರ ಮಾತ್ರ ತರಗತಿಯಲ್ಲಿ ಸಿಕ್ಕಿದ್ದಲ್ಲ, ಆಸ್ಪತ್ರೆಯಲ್ಲಿ ಸಿಕ್ಕಿದ್ದು. ಈ ಚಳಿಗಾಲದಲ್ಲಿ ಹೊರಮೆಟ್ಟಿಲಿನ ಮೇಲೆ ಹೆಪ್ಪುಗಟ್ಟಿದ ಮಂಜಿನಲ್ಲಿ ಯಜಮಾನರು ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಅವರ ಹೆಂಡತಿಯೊಂದಿಗೆ ನಾನೂ ಬೆರ್ಗ್‌ಮನ್ಸ್‌ಹೈಲ್ ಆಸ್ಪತ್ರೆಗೆ ಹೋದೆ. 1890ರಲ್ಲಿ ಗಾಯಗೊಂಡ ಗಣಿ ಕಾರ್ಮಿಕರಿಗಾಗಿಯೇ ತೆರೆದ ಆಸ್ಪತ್ರೆ ಅದು; ಅಪಘಾತದ ಚಿಕಿತ್ಸೆಗೆಂದೇ ಕಟ್ಟಿದ ಜಗತ್ತಿನ ಮೊದಲ ಆಸ್ಪತ್ರೆ ಎಂದು ಹೆಸರಾಗಿದೆ. ವಿಶ್ವವಿದ್ಯಾಲಯ ಬಂದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಆಸ್ಪತ್ರೆ ಬೇಕಾಯಿತು. ಬೇರೆ ಕಡೆಯಾದರೆ ಹೊಸದೊಂದು ದೊಡ್ಡ ಆಸ್ಪತ್ರೆ ಕಟ್ಟುತ್ತಿದ್ದರು. ಇಲ್ಲಿ ಹಾಗೆ ಮಾಡದೆ ಊರಿನಲ್ಲಿ ಮೊದಲೇ ಇದ್ದ, ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿದ್ದ ಆಸ್ಪತ್ರೆಗಳನ್ನೇ 1970ರ ದಶಕದಿಂದ ವಿಶ್ವವಿದ್ಯಾಲಯದ ಆಸ್ಪತ್ರೆಗಳನ್ನಾಗಿ ಮಾಡಿಕೊಂಡರು. ಇದನ್ನು "ಬೋಖುಮ್ ಮಾದರಿ" ಎನ್ನುತ್ತಾರೆ. ಪರಿಣಾಮವೇನೆಂದರೆ, ಗಣಿ ಕಾರ್ಮಿಕರ ಆಸ್ಪತ್ರೆಯಲ್ಲಿ ಈಗ ಪ್ರಾಧ್ಯಾಪಕರು ಚಿಕಿತ್ಸೆ ಮಾಡುತ್ತಾರೆ, ನಾಳಿನ ವೈದ್ಯರು ಈ ಊರಿನ ಹಳೆಯ ಕೆಲಸಗಾರರ ಮೈಮೇಲೆ ಪಾಠ ಕಲಿಯುತ್ತಾರೆ.

ಅವತ್ತು ವೈದ್ಯರ ಹಿಂದೆ ನಾಲ್ವರು ವಿದ್ಯಾರ್ಥಿಗಳು ಬಂದರು. ಯಜಮಾನರ ಒಪ್ಪಿಗೆ ಕೇಳಿ ತೋಳು ಮಡಿಸಿದಾಗ ಮೊಣಕೈ ಕೆಳಗೆ ಒಂದು ಬೆರಳುದ್ದದ ನೀಲಿ ಗೆರೆ ಕಂಡಿತು, ಹಚ್ಚೆ ಹಾಕಿದ ಹಾಗೆ. ಒಬ್ಬ ಹುಡುಗ ಅದೇನೆಂದು ಕೇಳಿದ. ವೈದ್ಯರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹುಡುಗಿ ಹೇಳಿದಳು: "ಕಲ್ಲಿದ್ದಲಿನ ಗಾಯ. ಪುಡಿ ಒಳಗೇ ಉಳಿದು ಗಾಯ ಮುಚ್ಚಿಕೊಂಡರೆ ಹೀಗಾಗುತ್ತದೆ. ನನ್ನ ಅಜ್ಜನ ಹೆಗಲ ಮೇಲೂ ಇದೆ." ಅವಳ ಅಜ್ಜ ಟರ್ಕಿಯಿಂದ ಬಂದು ಗಣಿ ಸೇರಿದವರು. ಯಜಮಾನರು ಅವಳ ಹೆಸರು ಕೇಳಲಿಲ್ಲ, "ಯಾವ ಗಣಿ?" ಎಂದು ಕೇಳಿದರು. ಅವಳು ಹೇಳಿದಳು. ಅವರಿಗೆ ಆ ಗಣಿ ಗೊತ್ತಿತ್ತು, ಅದರ ಎಷ್ಟನೆಯ ಅಂತಸ್ತಿನಲ್ಲಿ ನೀರು ಜಿನುಗುತ್ತಿತ್ತು ಎಂಬುದೂ ಗೊತ್ತಿತ್ತು. ಐದು ನಿಮಿಷ ಅವರಿಬ್ಬರೇ ಮಾತಾಡಿದರು, ವೈದ್ಯರೂ ಉಳಿದವರೂ ಸುಮ್ಮನೆ ನಿಂತು ಕೇಳಿದರು. ಹೊರಡುವಾಗ ಆ ಹುಡುಗಿ "ಗ್ಲೂಕ್ ಔಫ್" ಎಂದಳು. ಗಣಿಗಿಳಿಯುವವರು ಒಬ್ಬರಿಗೊಬ್ಬರು ಹೇಳುತ್ತಿದ್ದ ಹಾರೈಕೆ ಅದು. ಯಜಮಾನರ ಗಂಟಲು ಕಟ್ಟಿತು, ಉತ್ತರ ಹೇಳಲಾಗಲಿಲ್ಲ. ಮುರಿಯದ ಕೈಯನ್ನು ಎತ್ತಿದರು.

ಯೂನಿಯನ್ನಿನ ಸುದ್ದಿ ನಿಮಗೆ ಇಷ್ಟವಾಗುತ್ತದೆಂದು ಇದನ್ನೂ ಬರೆಯುತ್ತೇನೆ. ಲೋಹ ಕಾರ್ಮಿಕರ ಯೂನಿಯನ್ ಆದ ಐಜಿ ಮೆಟಲ್ ಮತ್ತು ನಮ್ಮ ವಿಶ್ವವಿದ್ಯಾಲಯದ ನಡುವೆ 1975ರಿಂದ ಸಹಕಾರದ ಒಪ್ಪಂದವಿದೆ. ಎರಡೂ ಸೇರಿ ನಡೆಸುವ ಒಂದು ಕಚೇರಿಯೂ ಇದೆ. ಕಾರ್ಖಾನೆಗಳಲ್ಲಿ ಕೆಲಸಗಾರರು ಆರಿಸಿದ ಪ್ರತಿನಿಧಿಗಳು ಇಲ್ಲಿಗೆ ಕಲಿಯಲು ಬರುತ್ತಾರೆ, ಹೊಸ ಯಂತ್ರ ಬಂದರೆ ಕೆಲಸ ಹೇಗೆ ಬದಲಾಗುತ್ತದೆ, ಪಾಳಿಯನ್ನು ಹೇಗೆ ಹಂಚಬೇಕು ಎಂಬಂಥ ವಿಷಯಗಳನ್ನು ಪ್ರಾಧ್ಯಾಪಕರೊಂದಿಗೂ ವಿದ್ಯಾರ್ಥಿಗಳೊಂದಿಗೂ ಕುಳಿತು ಚರ್ಚಿಸುತ್ತಾರೆ. ಮಾಲೀಕರೊಂದಿಗೆ ಕೈಜೋಡಿಸುವ ವಿಶ್ವವಿದ್ಯಾಲಯಗಳು ಎಲ್ಲ ದೇಶಗಳಲ್ಲೂ ಇವೆ. ಕೆಲಸಗಾರರ ಸಂಘದೊಂದಿಗೆ ಬರಹದಲ್ಲಿ ಒಪ್ಪಂದ ಮಾಡಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು ಇಲ್ಲಿಯೇ. ಊರಿನ ನಡುವೆ ರೂರ್ ಪ್ರದೇಶದ ಚರಿತ್ರೆಗೆ ಮೀಸಲಾದ ಗ್ರಂಥಾಲಯವೊಂದಿದೆ. ಗಣಿ ಉದ್ಯಮದ ಹಳೆಯ ಪುಸ್ತಕಗಳೂ ಗಣಿ ಕಾರ್ಮಿಕರ ಯೂನಿಯನ್ನಿನ ಪುಸ್ತಕಗಳೂ ಅಲ್ಲಿ ಒಂದೇ ಸೂರಿನಡಿ ಇವೆ, ಯಾರು ಬೇಕಾದರೂ ಹೋಗಿ ಓದಬಹುದು.

ಇನ್ನು ಕಾರ್ಖಾನೆಯ ಮಾತು. ಇಲ್ಲಿ ಮಾತ್ರ ನಿಮ್ಮ ಅನುಮಾನ ಸರಿ. ಓಪೆಲ್ ಕಾರ್ಖಾನೆ 1962ರಲ್ಲಿ ಡಾನೆನ್‌ಬೌಮ್ ಎಂಬ ಹಳೆಯ ಗಣಿಯ ಜಾಗದಲ್ಲಿ ಶುರುವಾಯಿತು, ಗಣಿ ಬಿಟ್ಟವರನ್ನು ಸಾವಿರಗಟ್ಟಲೆ ಸೇರಿಸಿಕೊಂಡಿತು. ಒಂದು ಕಾಲಕ್ಕೆ 20,000ಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. 2008ರಲ್ಲಿ ನೋಕಿಯಾ ತನ್ನ ಇಲ್ಲಿನ ಕಾರ್ಖಾನೆಯನ್ನು ಮುಚ್ಚಿ ರುಮೇನಿಯಾಕ್ಕೆ ಹೋದಾಗ ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. 2014ರ ಡಿಸೆಂಬರಿನಲ್ಲಿ ಓಪೆಲ್ ಕೂಡ ಬಾಗಿಲು ಹಾಕಿತು, ಆಗ ಉಳಿದಿದ್ದವರು ಮೂರು ಸಾವಿರಕ್ಕೂ ಹೆಚ್ಚು. ಈಗ ಆ ಸುಮಾರು 70 ಹೆಕ್ಟೇರ್ ಜಾಗಕ್ಕೆ ಮಾರ್ಕ್ 51°7 ಎಂದು ಹೆಸರು, ಆ ಸ್ಥಳದ ಅಕ್ಷಾಂಶ ರೇಖಾಂಶಗಳೇ ಅವು. ದೊಡ್ಡ ಪಾರ್ಸೆಲ್ ಕೇಂದ್ರವೊಂದು ಬಂದಿದೆ. ವಿಶ್ವವಿದ್ಯಾಲಯದ ಪ್ರಯೋಗಾಲಯಗಳು, ಕಂಪ್ಯೂಟರ್ ಸುರಕ್ಷತೆಯ ಕಂಪನಿಗಳು ಬಂದಿವೆ. ಈ ಸುರಕ್ಷತಾ ವಿದ್ಯೆಯಲ್ಲಿ ಬೋಖುಮ್ ಈಗ ಹೆಸರುವಾಸಿ. ಅದಕ್ಕಾಗಿಯೇ 2019ರಲ್ಲಿ ಮ್ಯಾಕ್ಸ್ ಪ್ಲಾಂಕ್ ಹೆಸರಿನ ಸಂಶೋಧನಾ ಸಂಸ್ಥೆಯೊಂದು ಇಲ್ಲಿ ಹುಟ್ಟಿತು.

ಆದರೆ ಬಾಗಿಲು ಜೋಡಿಸುತ್ತಿದ್ದ ಐವತ್ತರ ಮನುಷ್ಯನಿಗೆ ಆ ಪ್ರಯೋಗಾಲಯದಲ್ಲಿ ಕುರ್ಚಿ ಇಲ್ಲ. ಅದನ್ನು ಯಾರೂ ಮುಚ್ಚಿಡಬಾರದು. ಹೊಸ ಕೆಲಸಗಳ ಲೆಕ್ಕವನ್ನು ಹಳೆಯ ಕೆಲಸಗಳ ಲೆಕ್ಕದ ಮುಂದಿಟ್ಟು ಸರಿಹೋಯಿತು ಎನ್ನುವವರು ಕೆಲಸವನ್ನು ಎಣಿಸುತ್ತಾರೆ, ಮನುಷ್ಯರನ್ನು ಎಣಿಸುವುದಿಲ್ಲ. ಯಜಮಾನರ ಜೊತೆಗಾರರಲ್ಲಿ ಕೆಲವರು ಅವಧಿಗೆ ಮೊದಲೇ ನಿವೃತ್ತರಾದರು, ಕೆಲವರು ಕಡಿಮೆ ಸಂಬಳಕ್ಕೆ ದೂರದೂರುಗಳಿಗೆ ಹೋದರು, ಒಂದಿಬ್ಬರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ವಿಶ್ವವಿದ್ಯಾಲಯದಿಂದ ಅವರಿಗೆ ಏನೂ ಬರಲಿಲ್ಲ, ಅಪ್ಪ. ಬಂದದ್ದು ಅವರ ಮಕ್ಕಳಿಗೆ, ಅದೂ ಎಲ್ಲರ ಮಕ್ಕಳಿಗಲ್ಲ. ಯಜಮಾನರ ಮಗಳು ಈಗ ಇದೇ ಊರಿನ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ತನ್ನ ತರಗತಿಯಲ್ಲಿ ಪಾರ್ಸೆಲ್ ಕೇಂದ್ರದಲ್ಲಿ ರಾತ್ರಿ ದುಡಿಯುವವರ ಮಕ್ಕಳು ಎಷ್ಟಿದ್ದಾರೆಂದು ಅವಳಿಗೆ ಗೊತ್ತು. ಗುಡ್ಡದ ಮೇಲೆ ಓದಿದವಳು ಗುಡ್ಡ ಇಳಿದು ಹಿಂದಕ್ಕೆ ಬಂದದ್ದರಿಂದಲೇ ಅದು ಗೊತ್ತಿರುವುದು.

ನನ್ನ ಓದಿನ ಬಗ್ಗೆಯೂ ಎರಡು ಮಾತು. ಗಣಿಗಳು ಮುಚ್ಚಿದರೂ ನೆಲದೊಳಗಿನ ಟೊಳ್ಳು ಹಾಗೇ ಇದೆ. ಎಷ್ಟೋ ಕಡೆ ನೆಲ ಮೀಟರುಗಟ್ಟಲೆ ಕುಸಿದಿದೆ. ಪಂಪುಗಳು ನಿಂತರೆ ಮನೆಗಳಿರುವ ಜಾಗದಲ್ಲೇ ನೀರು ನಿಲ್ಲುತ್ತದೆ. ಆದ್ದರಿಂದ ಪಂಪುಗಳು ಎಂದೆಂದಿಗೂ ಓಡುತ್ತಲೇ ಇರಬೇಕು. ಇದಕ್ಕೆ ಇಲ್ಲಿ "ಅನಂತಕಾಲದ ಕೆಲಸ" ಎಂದೇ ಹೆಸರು. 1816ರ ಆ ಗಣಿ ಶಾಲೆ ಇವತ್ತು ಎಂಜಿನಿಯರಿಂಗ್ ಕಾಲೇಜಾಗಿದೆ, ಗಣಿ ತೋಡುವುದನ್ನು ಕಲಿಸಿದ ಶಾಲೆಯೇ ಈಗ ಮುಚ್ಚಿದ ಗಣಿಯನ್ನು ನೋಡಿಕೊಳ್ಳುವುದನ್ನು ಕಲಿಸುತ್ತದೆ. ಓಪೆಲ್ ಇದ್ದ ಜಾಗದಲ್ಲಿ ಅದರಡಿಯ ಹಳೆಯ ಗಣಿಯ ಬೆಚ್ಚಗಿನ ನೀರಿನಿಂದಲೇ ಕಟ್ಟಡಗಳನ್ನು ಬಿಸಿ ಮಾಡುವ ಯೋಜನೆ ನಡೆದಿದೆ. ನಾನು ಕಂಪ್ಯೂಟರಿನಲ್ಲಿ ಮಾಡುತ್ತಿರುವುದೂ ನೆಲ ಕುಸಿಯುವ ಲೆಕ್ಕವೇ. ನನ್ನ ನಕ್ಷೆಯಲ್ಲಿ ಬರಿಯ ಅಂಕಿಯಾಗಿದ್ದ ಒಂದು ಸುರಂಗವನ್ನು ಯಜಮಾನರಿಗೆ ತೋರಿಸಿದಾಗ, ಅವರು ಕನ್ನಡಕ ಏರಿಸಿಕೊಂಡು, "ಇಲ್ಲಿ ಮರದ ಕಂಬ ಕೊಟ್ಟಿದ್ದೆವು, ಕಬ್ಬಿಣದ್ದಲ್ಲ" ಎಂದರು. ಅದು ಯಾವ ದಾಖಲೆಯಲ್ಲೂ ನನಗೆ ಸಿಕ್ಕಿರಲಿಲ್ಲ. ನನ್ನ ಮಾರ್ಗದರ್ಶಕರಿಗೆ ಹೇಳಿದೆ. ಮುಂದಿನ ತಿಂಗಳು ಅವರನ್ನು ನಮ್ಮ ವಿಭಾಗಕ್ಕೆ ಕರೆಸಿ, ನಕ್ಷೆ ಮುಂದಿಟ್ಟುಕೊಂಡು ಮಾತಾಡಿಸೋಣ ಎಂದಿದ್ದಾರೆ.

ಇನ್ನೊಂದು ವಿಷಯ ನನ್ನ ಮನಸ್ಸನ್ನು ಕೊರೆಯುತ್ತಿದೆ, ಅದನ್ನು ಬರೆಯದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಪರೀಕ್ಷೆಯ ದಿನಗಳಲ್ಲಿ ನಾನು ಬೆಳಗಿನ ಐದರ ರೈಲಿಗೇ ಹೊರಡುತ್ತೇನೆ. ಆ ಹೊತ್ತಿನ ಯು35ರಲ್ಲಿ ವಿದ್ಯಾರ್ಥಿಗಳು ಯಾರೂ ಇರುವುದಿಲ್ಲ. ಕ್ಯಾಂಪಸ್ಸನ್ನು ಗುಡಿಸಿ ಒರೆಸಲು ಹೋಗುವ ಹೆಂಗಸರು ಇರುತ್ತಾರೆ, ಟರ್ಕಿ, ಪೋಲೆಂಡ್, ಅರಬ್ ಸೀಮೆಗಳ ಮಾತು ಆಡುವವರು. ಪಾಠ ಶುರುವಾಗುವಷ್ಟರಲ್ಲಿ ಅವರು ಹಿಂದಿರುಗಿರುತ್ತಾರೆ. ಅವರಲ್ಲೊಬ್ಬಾಕೆ ನನ್ನ ಪುಸ್ತಕ ನೋಡಿ, ತನ್ನ ಮಗ ಗಣಿತದಲ್ಲಿ ಜಾಣ, ಈ ಕಟ್ಟಡದಲ್ಲಿ ಓದಬೇಕಾದರೆ ಯಾರನ್ನು ಕೇಳಬೇಕು ಎಂದಳು. ಆ ಕಟ್ಟಡದ ಪ್ರತಿಯೊಂದು ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು. ವಿದ್ಯಾರ್ಥಿ ಸಲಹಾ ಕಚೇರಿಯ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟೆ, ಶಾಲೆಗಳಿಗೆ ಹೋಗುವವರ ವಿಷಯವನ್ನೂ ಹೇಳಿದೆ. ಬರುವ ಗುರುವಾರ ಮಗನನ್ನು ಕರೆದುಕೊಂಡು ಬರುತ್ತಾಳೆ, ನಾನೂ ಅವರ ಜೊತೆ ಹೋಗುತ್ತೇನೆ.

ಯಜಮಾನರ ಕೈಯ ಪಟ್ಟಿ ಬಿಚ್ಚಿದ್ದಾರೆ, ಬೆರಳುಗಳು ಇನ್ನೂ ಪೂರ್ತಿ ಮಡಿಸಲು ಬರುವುದಿಲ್ಲ. ನೀವು ಯಾವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದಿರಿ ಎಂದು ಅವರು ಮೂರು ಸಲ ಕೇಳಿದರು. ಲೇತ್ ಎಂದೆ, ಎಷ್ಟು ಉದ್ದದ ಬೆಡ್ಡು, ಯಾವ ಕಂಪನಿಯದು ಎಂದೆಲ್ಲ ಕೇಳಿದರೆ ನನಗೆ ಹೇಳಲು ತಿಳಿಯಲಿಲ್ಲ. ದಯವಿಟ್ಟು ಬರೆದು ಕಳಿಸಿ, ಯಂತ್ರದ ಪಕ್ಕದಲ್ಲಿ ನೀವು ನಿಂತಿರುವ ಆ ಹಳೆಯ ಫೋಟೋದ ಒಂದು ಪ್ರತಿಯನ್ನೂ ತಮ್ಮನ ಕೈಯಲ್ಲಿ ಕಳಿಸಲು ಹೇಳಿ. ಅಮ್ಮನಿಗೆ, ಅಜ್ಜಿಗೆ ನನ್ನ ನಮಸ್ಕಾರಗಳು.

ಇತಿ,
ನಿಮ್ಮ ಪ್ರೀತಿಯ ಮಗಳು